ಸೊನ್ನೆ ಬರೆಸಿದ ಹೊಂಡ

ತಬೊನ್‌ರಿಕಿ
ಫೆಬ್ರವರಿ 12, ಸೋಮವಾರ

ಮಗಳು ರೊತಿಯಾಳಿಗೆ ನಿನ್ನ ತಾಯಿಯ ಮೌರಿ, ನಮಸ್ಕಾರ. ನಿನಗೆ, ನಿನ್ನ ಗಂಡನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ರಕೇರಾಳಿಗೆ ಆರೋಗ್ಯವಿರಲಿ.

ಗುರುವಾರದ ವಿಮಾನದಲ್ಲಿ ನಿನ್ನ ಪತ್ರ ಬಂತು. ಹೂವಿನ ಬಟ್ಟೆಯೂ ಎರಡು ಡಬ್ಬಿ ಬಿಸ್ಕತ್ತೂ ಬಂದವು. ಬಟ್ಟೆ ಗಟ್ಟಿಯಾಗಿದೆ, ನನ್ನ ವಯಸ್ಸಿಗೆ ಬಣ್ಣ ಹೆಚ್ಚಾಯಿತು. ನಿನ್ನ ಅಕ್ಷರ ಇನ್ನೂ ಬಲಕ್ಕೆ ವಾಲುತ್ತದೆ. ಸರ್ಕಾರದ ಕಚೇರಿಯಲ್ಲಿ ಕೂತು ಇಡೀ ದೇಶದ ಪಟ್ಟಿ ಟೈಪ್ ಮಾಡುವವಳು ಕೈಯಲ್ಲಿ ಬರೆಯುವಾಗ ಇಷ್ಟು ಅವಸರ ಮಾಡಬಾರದು.

ಮೊದಲು ಮುಖ್ಯ ಮಾತು. ಬರುವ ವಾರ, ಇಪ್ಪತ್ತೆರಡರ ವಿಮಾನದಲ್ಲಿ, ರಕೇರಾಳನ್ನು ನನ್ನ ಬಳಿ ಕಳಿಸುತ್ತೇನೆಂದು ಬರೆದಿದ್ದೀಯೆ. ಈಗ ಕಳಿಸಬೇಡ. ಮನೆಯ ಚಾವಣಿ ಹಳೆಯದಾಗಿದೆ, ಹೊಸ ಗರಿ ಹೊದಿಸಬೇಕು. ಮುಗಿದ ಮೇಲೆ ನಾನೇ ತಿಳಿಸುತ್ತೇನೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯೆ. ಕೌನ್ಸಿಲ್ ಕಚೇರಿಯ ಫೋನಿನಲ್ಲಿ ಬೆಳಿಗ್ಗೆ ಹೇಳಿದ ಮಾತಿಗೆ ಮಧ್ಯಾಹ್ನದೊಳಗೆ ಊರ ಸಭೆ ಸೇರುವ ಮನೇಬಾದಲ್ಲಿ ಹಿರಿಯರು ಉತ್ತರ ಹುಡುಕಿರುತ್ತಾರೆ. ಅದಕ್ಕೇ ಪತ್ರ.

ಮೊಮ್ಮಗಳನ್ನು ಬೇಡ ಎನ್ನುತ್ತಿಲ್ಲ. ನನ್ನನ್ನು ಬೆಳೆಸಿದ್ದು ನನ್ನ ಅಜ್ಜಿ, ನಿನ್ನನ್ನು ಏಳು ವರ್ಷ ಬೆಳೆಸಿದ್ದು ನನ್ನ ತಾಯಿ. ಈಗ ನನ್ನ ಸರದಿ, ಅದು ನನ್ನ ಹಕ್ಕು. ಅಲ್ಲಿ ತಾರಾವಾದಲ್ಲಿ ನೀರು ಕುಡಿದು ಮಗು ವರ್ಷಕ್ಕೆ ಮೂರು ಸಲ ಕಾಯಿಲೆ ಬೀಳುತ್ತಿದೆ ಎಂದು ಓದಿ ನನಗೂ ಊಟ ಸೇರಲಿಲ್ಲ. ಅವಳಿಗಾಗಿ ಆಗಲೇ ಒಂದು ಚಾಪೆ ನೇಯ್ದಿದ್ದೇನೆ. ಆದರೂ ಈಗ ಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಚಿಕ್ಕಪ್ಪ ಬಕೋವಾನ ಸೊಸೆ ಮೇರೆ ಈಗ ಏಳು ತಿಂಗಳ ಬಸುರಿ. ಕಾಲು ಊದಿಕೊಂಡಿದೆ. ನಿನ್ನೆ ಚರ್ಚಿನ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಂಡಳು. ಅನ್ನಕ್ಕೆ ಉಪ್ಪು ಕಡಿಮೆ ಹಾಕು ಎಂದೆ. ಅದಕ್ಕವಳು ನಕ್ಕು, “ಹಾಕೋದೇ ಬಿಟ್ಟಿದೀವಿ ದೊಡ್ಡತ್ತೆ, ಈಗ ನೀರಲ್ಲೇ ಇರುತ್ತಲ್ಲ, ಅಂಗಡಿ ಖರ್ಚು ಉಳೀತು” ಎಂದಳು. ಅವಳ ಸುತ್ತ ಇದ್ದವರೂ ನಕ್ಕರು. ನಾನು ನಗಲಿಲ್ಲ.

ಮೂರು ತಿಂಗಳಿಂದ ಮಳೆಯಿಲ್ಲ. ಇಪ್ಪತ್ತನಾಲ್ಕರ ಹುಣ್ಣಿಮೆಗೆ ವರ್ಷದ ದೊಡ್ಡ ಉಬ್ಬರ ಬರುತ್ತದೆಂದು ರೇಡಿಯೋದಲ್ಲಿ ಹೇಳಿದರು. ಹೋದ ಸಲ ನೀರು ಚರ್ಚಿನ ಹಿಂದಿನ ಗೋರಿಗಳವರೆಗೆ ಬಂದು ನಿಂತಿತ್ತು. ಈ ಸಲ ಎಲ್ಲಿ ನಿಲ್ಲುತ್ತದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಗಂಡಸರು ಪ್ರತಿದಿನ ಹೋಗಿ ದಡ ನೋಡಿ ಬರುತ್ತಾರೆ. ಬಂದು ಬೇರೆ ಮಾತಾಡುತ್ತಾರೆ.

ಕತ್ತಲಾಗುತ್ತಿದೆ. ನಾಳೆ ಮುಂದುವರಿಸುತ್ತೇನೆ.

ಮಂಗಳವಾರ

ನಿನ್ನೆ ಬರೆದದ್ದನ್ನು ಓದಿ ನೋಡಿದೆ. ಚಾವಣಿಯ ಮಾತು ಸುಳ್ಳು. ಕಳೆದ ಜುಲೈನಲ್ಲೇ ಹೊಸ ಗರಿ ಹೊದಿಸಿಯಾಗಿದೆ, ಹಣ ಕಳಿಸಿದವಳು ನೀನೇ. ನಿನಗೆ ಅದು ನೆನಪಿರುತ್ತದೆ. ಸುಳ್ಳು ಹೇಳುವುದರಲ್ಲೂ ನಾನು ಪಳಗಿಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವೇ ಆಯಿತು.

ನೀನು ಬರೆದ ಒಂದು ಸಾಲನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ. “ಅಮ್ಮಾ, ಹಾನಿಯ ಪಟ್ಟಿಯಲ್ಲಿ ನಮ್ಮ ದ್ವೀಪದ ಎಲ್ಲ ಊರುಗಳ ಮುಂದೆ ಏನಾದರೊಂದು ಅಂಕಿ ಇದೆ, ತಬೊನ್‌ರಿಕಿಯ ಮುಂದೆ ಮಾತ್ರ ಸೊನ್ನೆ. ಅದು ನನ್ನ ತಾಯಿಯ ಹೊಂಡ ಎಂದು ಕಚೇರಿಯವರಿಗೆಲ್ಲ ತೋರಿಸಿದೆ. ಅದಕ್ಕೇ ರಕೇರಾಳನ್ನು ನಿನ್ನ ಬಳಿ ಬಿಡಲು ಧೈರ್ಯ ಬಂತು.” ಹೀಗೆ ಬರೆದಿದ್ದೀಯೆ. ಆ ಸೊನ್ನೆಯನ್ನು ಬರೆಸಿದವಳು ನಾನು. ಹೇಗೆ ಬರೆಸಿದೆ ಎಂದು ಈಗ ಹೇಳುತ್ತೇನೆ. ಓದುವಾಗ ಬಾಗಿಲು ಹಾಕಿಕೊ.

ಬಕೋವಾ ಬಬಾಯಿ ಗೆಡ್ಡೆ ಬೆಳೆಯುತ್ತಿದ್ದ ಹೊಂಡ ಕೆಟ್ಟಿದ್ದು ನಿನಗೆ ಗೊತ್ತು. ಎರಡು ವರ್ಷದ ಹಿಂದಿನ ಉಬ್ಬರ ಅವನ ಹೊಂಡದ ಗರಿಬೇಲಿಯನ್ನು ಕಿತ್ತುಕೊಂಡು ಹೋಯಿತು. ಹಳದಿಯಾಗಿ ಮಲಗಿದ ಬಬಾಯಿ ಎಲೆಗಳನ್ನು ಊರೆಲ್ಲ ನೋಡಿತು. ಬೇಲಿ ಇದ್ದಿದ್ದರೆ ಯಾರೂ ನೋಡುತ್ತಿರಲಿಲ್ಲ. ಒಬ್ಬರ ಹೊಂಡಕ್ಕೆ ಇನ್ನೊಬ್ಬರು ಇಣುಕುವುದು ನಮ್ಮಲ್ಲಿಲ್ಲ. ಯಾವ ಸೊಪ್ಪು, ಎಷ್ಟು ಒಣಗಿಸಿ, ಯಾವ ತಿಂಗಳಲ್ಲಿ ಗೊಬ್ಬರವಾಗಿ ಬುಡಕ್ಕೆ ಕಟ್ಟಬೇಕು ಎನ್ನುವುದು ಆಯಾ ಮನೆತನದ ಗುಟ್ಟು. ಅಂದು ಮನೇಬಾದಲ್ಲಿ ಬಕೋವಾ ತಲೆ ತಗ್ಗಿಸಿ, ಸಮುದ್ರ ಒಳಗಿನಿಂದ ಬರುತ್ತಿದೆ, ನೆಲದ ಕೆಳಗಿನಿಂದ ಬರುತ್ತಿದೆ ಎಂದ. ನಾನು ಎಲ್ಲರ ಮುಂದೆ, “ಸಮುದ್ರದ ಮೇಲೆ ಯಾಕಯ್ಯಾ ಹಾಕ್ತೀಯಾ? ಹೊಂಡಕ್ಕೆ ಇಳಿಯೋಕೆ ಸೋಮಾರಿತನ. ನಿನ್ನ ಮನೇಲಿ ಸವೆಯೋದು ಮಲಗೋ ಚಾಪೆ ಒಂದೇ” ಎಂದುಬಿಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. “ಅತ್ತಿಗೆ ಬಾಯಿಗಿಂತ ಉಬ್ಬರಾನೇ ವಾಸಿ, ಅದು ಬಂದು ಹೋಗುತ್ತೆ” ಎಂದ.

ಅದಾಗಿ ಆರು ತಿಂಗಳಿಗೆ ನಮ್ಮ ಹೊಂಡದಲ್ಲಿ ಮೊದಲ ಎಲೆಯ ಅಂಚು ಸುಟ್ಟಂತೆ ಕಂದಿತು. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ, ಉಪ್ಪಾಗಿತ್ತು. ನಿನ್ನ ಅಪ್ಪ ಸಾಯುವಾಗ ಕೈಹಿಡಿದು ಕೇಳಿದ್ದು ಒಂದೇ, ಹೊಂಡ ನೋಡಿಕೊ ಎಂದು. ಕಂದಿದ ಎಲೆಗಳನ್ನು ಕತ್ತರಿಸಿ ಹೂತೆ. ಬೇಲಿಯನ್ನು ಎರಡು ಗೇಣು ಎತ್ತರಿಸಿದೆ. ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ನವೆಂಬರಿನಲ್ಲಿ ನಿಮ್ಮ ಕಚೇರಿಯಿಂದ ಹೊಂಡದ ನೀರಿನ ಉಪ್ಪು ಅಳೆಯಲು ರುಕಾ ಬಂದ. ಒಳ್ಳೆಯ ಮನುಷ್ಯ, ಕೂದಲು ನೆರೆತಿದೆ, ಹಿರಿಯರ ಮುಂದೆ ಬಗ್ಗಿ ನಡೆಯುವುದು ಗೊತ್ತಿದೆ. ಮನೇಬಾದಲ್ಲಿ ಕೂತು ಬಿಡಿಸಿ ಹೇಳಿದ. ದೂರದ ದೇಶಗಳು ನೂರಿನ್ನೂರು ವರ್ಷದಿಂದ ಎಣ್ಣೆ, ಕಲ್ಲಿದ್ದಲು ಸುಟ್ಟಿವೆ. ಆ ಹೊಗೆಯಿಂದ ಸಮುದ್ರ ಬಿಸಿಯಾಗಿ ಏರುತ್ತಿದೆ. ಅದರಿಂದ ನಮಗೆ ಹೋದದ್ದು ಎಷ್ಟು ಎಂದು ಊರೂರಿನ ಲೆಕ್ಕ ಬರೆದು ಅವರ ಮುಂದಿಡಬೇಕು. ಅಂಕಿ ಇಲ್ಲದೆ ಹೋದರೆ ಅವರು ಕಿವಿಗೊಡುವುದಿಲ್ಲ. ಹಾನಿ ಹೆಚ್ಚಾದ ಊರಿಗೆ ಮೊದಲು ತಡೆಗೋಡೆ, ಮೊದಲು ಸಿಹಿನೀರು ಮಾಡುವ ಯಂತ್ರ. ಇಷ್ಟು ಹೇಳಿದ.

ಬಕೋವಾ ಸುಮ್ಮನಿರುತ್ತಾನೆಯೇ? “ಹೊಗೆಗೆಲ್ಲ ಬಿಲ್ ಹಾಕ್ತೀರಾ ಸ್ವಾಮಿ? ಹಂಗಾದ್ರೆ ನಮ್ಮ ಅತ್ತಿಗೆ ಒಲೇನೂ ಬರ್ಕೊಳ್ಳಿ. ಹಸಿ ಸಿಪ್ಪೆ ಹಾಕಿ ಊರಿಗೆಲ್ಲ ಕಣ್ಣುರಿ ತರಿಸ್ತಾರೆ” ಎಂದ. ರುಕಾನೂ ನಕ್ಕ. ಆಮೇಲೆ ಕಾಗದ ತೆಗೆದು ಬಬಾಯಿಯ ಬೆಲೆ ಕೇಳಿದ. ನಾವು ಮಾರುವುದಿಲ್ಲ ಎಂದೆ. ಮಾರದ ವಸ್ತುವಿಗೆ ಅಷ್ಟೇ ತೂಕದ ಅಕ್ಕಿಯ ಬೆಲೆ ಬರೆಯಬೇಕಂತೆ. ನೀನು ಹುಟ್ಟಿದ ವರ್ಷ ನೆಟ್ಟು ನಿನ್ನ ಮದುವೆಗೆ ಕಿತ್ತ ಗೆಡ್ಡೆ ನೆನಪಿದೆಯೇ? ಇಬ್ಬರು ಗಂಡಸರು ಕೋಲಿಗೆ ಕಟ್ಟಿ ಹೊತ್ತು ತಂದರು. ಅದಕ್ಕೆ ಬೆಲೆ ಒಂದು ಚೀಲ ಅಕ್ಕಿ. ರುಕಾನದೇನೂ ತಪ್ಪಿಲ್ಲ, ಅವನ ಕಾಗದದಲ್ಲಿ ಇದ್ದದ್ದು ಅಷ್ಟೇ ಜಾಗ. ಆದರೆ ನನ್ನ ಮೈಯೆಲ್ಲ ಉರಿಯಿತು.

ಊರಿಗೆ ಒಂದು ಹೊಂಡವನ್ನು ಅಳೆಯುವುದು ಅವರ ಕ್ರಮ. ಯಾವುದು ಎಂದು ಹಿರಿಯರನ್ನು ಕೇಳಿದ. ಬಕೋವಾ ತನ್ನದನ್ನು ತೋರಿಸುತ್ತೇನೆಂದು ಎದ್ದ. ನಾನು ಕೂತಲ್ಲಿಂದಲೇ, “ಸೋಮಾರಿ ಹೊಂಡ ತೋರಿಸಿ ದೇಶದ ಮಾನ ಕಳೀಬೇಡ. ನಮ್ಮದು ಅಳೀಲಿ” ಎಂದೆ. ಅಳತೆ ಮರುದಿನ ಮಧ್ಯಾಹ್ನ ಎಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಊರಿನವರೆಲ್ಲ ಮನೇಬಾದಲ್ಲಿ ಅತಿಥಿಗೆ ಹಾಡು ಕುಣಿತ ಅಭ್ಯಾಸ ಮಾಡುತ್ತಿದ್ದಾಗ ನಾನು ಹೊಂಡಕ್ಕೆ ಇಳಿದೆ. ಮೆಟ್ಟಿಲಿರುವ ಮೂಲೆಯನ್ನು ಕೆಸರಿನಿಂದ ಮೊಣಕಾಲೆತ್ತರ ಕಟ್ಟಿ ಬೇರೆ ಮಾಡಿದೆ. ನೀನು ಮೊದಲ ಸಂಬಳದಲ್ಲಿ ಕೊಡಿಸಿದ ಟ್ಯಾಂಕಿನಿಂದ ಮಳೆನೀರು ಹೊತ್ತು ತಂದೆ. ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ, ಬೆರೆಯದಂತೆ ಸುರಿಯಬೇಕು. ನನಗೆ ಇದನ್ನು ಕಲಿಸಿದ್ದು ಶಾಲೆಯಲ್ಲ, ಬಾವಿ. ಅಗಲ ಎಲೆಯೊಂದನ್ನು ಓರೆಯಾಗಿ ಹಿಡಿದು ಅದರ ಮೇಲಿಂದ ಮೆಲ್ಲಗೆ ಜಾರಿಸಿದೆ. ನಲವತ್ತೊಂದು ಬಕೆಟ್. ಹಾಡಿನ ಚಪ್ಪಾಳೆ ಅಲ್ಲಿಯವರೆಗೂ ಕೇಳುತ್ತಿತ್ತು, ಅದರ ಲಯಕ್ಕೇ ನಡೆದೆ.

ಮಧ್ಯಾಹ್ನ ರುಕಾ ಬಂದ. ಬೇಲಿಯ ಹೊರಗೆ ನಿಂತು ಅಪ್ಪಣೆ ಕೇಳಿದ. ಮೂರನೆಯ ಮೆಟ್ಟಿಲಿನಿಂದ ಆಚೆಗೆ ಹೊರಗಿನವರು ಇಳಿಯುವಂತಿಲ್ಲ ಎಂದೆ. ಅವನು ಗೌರವಸ್ಥ, ಇಳಿಯಲಿಲ್ಲ. ಅಲ್ಲಿಂದಲೇ ಬಗ್ಗಿ ಅಳೆಯುವ ಕೋಲನ್ನು ನೀರಿಗೆ ಅದ್ದಿದ. “ಏನಜ್ಜೀ ಇದು, ಈ ಕಡೆ ದ್ವೀಪದಲ್ಲೇ ಇಷ್ಟು ಸಿಹಿನೀರು ನಾನು ನೋಡ್ಲಿಲ್ಲ!” ಎಂದ. ನಾನು, “ಕಷ್ಟಪಡ್ತೀವಪ್ಪಾ” ಎಂದೆ. ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಅಂದಿನ ಊಟಕ್ಕೆ ಉಳಿದಿದ್ದ ದೊಡ್ಡ ಗೆಡ್ಡೆಯನ್ನು ಕಿತ್ತೆ. ಸೀಳಿದಾಗ ನಡುಭಾಗ ಕಂದಾಗಿ ಮೆತ್ತಗಾಗಿತ್ತು. ಅದನ್ನು ಕೆತ್ತಿ ಹಂದಿಗೆ ಹಾಕಿದೆ, ಹಂದಿ ಮೂಸಿ ಬಿಟ್ಟಿತು. ಉಳಿದದ್ದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮೊದಲ ತುಂಡು ರುಕಾನಿಗೆ, ಎರಡನೆಯದು ಬಕೋವಾನಿಗೆ ಬಡಿಸಿದೆ. ಬಕೋವಾ ಬಹಳ ಹೊತ್ತು ಅಗಿದ. 

ಮುಂದಿನದು ನಿನಗೆ ಗೊತ್ತು. ಪಟ್ಟಿಯಲ್ಲಿ ಸೊನ್ನೆ ಬಂತು. ಮೊದಲ ಯಂತ್ರ ಉತ್ತರದ ಊರಿಗೆ ಹೋಯಿತು, ಗೋಡೆಯ ಕಲ್ಲುಗಳೂ ಅಲ್ಲಿಗೇ ಹೋದವು. ನಿನಗೆ ಗೊತ್ತಿಲ್ಲದ್ದು ಇದು: ಕೌನ್ಸಿಲಿನವರು ಆ ಕಾಗದದ ಒಂದು ಪ್ರತಿಯನ್ನು ಮನೇಬಾದ ಕಂಬಕ್ಕೆ ಅಂಟಿಸಿದರು. ಅದನ್ನು ಓದಿ ಮೇರೆ ನನ್ನ ಬಳಿ ಬಂದಳು. “ದೊಡ್ಡತ್ತೆ, ನಮ್ಮ ಬಾವಿ ಉಪ್ಪಾಗಿದೆ. ನಿಮ್ಮ ಹೊಂಡದ ಪಕ್ಕದ ಬಾವೀಲಿ ಸೇದ್ಕೊಳ್ಳಲಾ? ಬಸುರಿ ಅಂತ ಕೇಳ್ತಿದೀನಿ” ಎಂದಳು. ಬೇಡ ಎಂದರೆ ಜಿಪುಣಿ ಎನ್ನುತ್ತಾರೆ. ಯಾಕೆ ಬೇಡ ಎಂದು ಹೇಳಿದರೆ ಎಲ್ಲ ಹೇಳಬೇಕಾಗುತ್ತದೆ. ತೆಗೆದುಕೊ ಎಂದೆ. ಮೂರು ತಿಂಗಳಿಂದ ಅವಳು ಅದೇ ನೀರು ಕುಡಿಯುತ್ತಿದ್ದಾಳೆ. ನಾಲಿಗೆಗೆ ಉಪ್ಪು ಹತ್ತಿದರೂ ಕಂಬದ ಮೇಲಿನ ಕಾಗದವನ್ನು ನಂಬುತ್ತಾಳೆ. ನಾನು ಎಳನೀರು ಕುಡಿಯುತ್ತಿದ್ದೇನೆ. ಟ್ಯಾಂಕು ತಟ್ಟಿದರೆ ಖಾಲಿ ಶಬ್ದ ಬರುತ್ತದೆ.

ಇಂದು ಬೆಳಿಗ್ಗೆ ನರ್ಸ್ ಅವಳ ರಕ್ತದೊತ್ತಡ ನೋಡಿ ಎರಡು ಸಲ ಪಟ್ಟಿ ಬಿಗಿದಳು. ಆಮೇಲೆ ಫೋನಿಗೆ ಓಡಿದಳು.

ಈ ನೀರಿಗೆ ರಕೇರಾಳನ್ನು ಹೇಗೆ ಕರೆಸಿಕೊಳ್ಳಲಿ?

ಪಟ್ಟಿ ತಿಂಗಳ ಕೊನೆಗೆ ಮುಚ್ಚುತ್ತದೆಂದು ಬರೆದಿದ್ದೀಯೆ. ಅದನ್ನು ತಿದ್ದು. ಟೈಪ್ ಮಾಡುವಾಗ ಕಣ್ತಪ್ಪಿತು ಎಂದು ಹೇಳಿದರೆ ಸಾಕಾಗುತ್ತದೆ, ನನ್ನ ಹೆಸರು ಬೇಡ.

ಮೇಲಿನ ಸಾಲನ್ನು ಹೊಡೆದುಹಾಕಿದ್ದೇನೆ, ಆದರೂ ಓದಲು ಬರುತ್ತಿದೆ. ಬರಲಿ. ನಿನ್ನ ತಾಯಿ ತನ್ನ ಮಾನಕ್ಕಾಗಿ ನಿನ್ನ ಕೆಲಸವನ್ನು ಕೇಳಿದಳು ಎನ್ನುವುದು ನಿನಗೂ ಗೊತ್ತಿರಲಿ. ಏನು ಮಾಡಬೇಕೆಂದು ನಾಳೆಯೊಳಗೆ ನಾನೇ ಯೋಚಿಸುತ್ತೇನೆ. ನಾನು ತಿಳಿಸುವವರೆಗೆ ನಿನ್ನ ಗಂಡನಿಗೂ ಹೇಳಬೇಡ.

ಮಗುವಿನ ತಲೆಗೆ ವಾರಕ್ಕೆರಡು ಸಲ ಎಣ್ಣೆ ಹಚ್ಚು. ನೀರನ್ನು ಕುದಿಸಿಯೇ ಕೊಡು, ಸೌದೆ ಉಳಿಸಲು ನೋಡಬೇಡ.

ನಿಮಗೆಲ್ಲ ಆರೋಗ್ಯ, ಶಾಂತಿ, ಸಮೃದ್ಧಿ.

ನಿನ್ನ ತಾಯಿ
ತೆರೆಂಗಾ

ತಾ.ಕ. (ಬುಧವಾರ ಸಂಜೆ)

ಈ ಪತ್ರವನ್ನು ನಿನ್ನ ಕೈಗೆ ಕೊಡುತ್ತಿರುವವಳು ಮೇರೆ. ನಾಳೆಯ ವಿಮಾನದಲ್ಲೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ನರ್ಸ್ ಹೇಳಿದ್ದಾಳೆ. ಅವಳ ಕಾಲು ನೋಡಿ ಗಾಬರಿಯಾಗಬೇಡ, ಅವಳೆದುರು ಅಳಬೇಡ. ಅವಳು ನಿನ್ನ ಮನೆಯಲ್ಲೇ ಇರಲಿ, ರಕೇರಾಳಿಗೆ ನೇಯ್ದ ಚಾಪೆಯನ್ನು ಅವಳ ಕೈಯಲ್ಲೇ ಕೊಟ್ಟಿದ್ದೇನೆ.

ಪತ್ರದಲ್ಲಿ ಇರುವುದೆಲ್ಲ ಅವಳಿಗೆ ಗೊತ್ತು. ಇಂದು ಬೆಳಿಗ್ಗೆ ಹಿರಿಯರನ್ನು ಮನೇಬಾಕ್ಕೆ ಕರೆಸಿ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹೊಡೆದುಹಾಕಿದ ಸಾಲನ್ನೂ ಓದಿದೆ. ಮುಗಿದ ಮೇಲೆ ಮೊದಲ ಮಾತು ಬಕೋವಾನದೇ ಆಗಿರುತ್ತದೆಂದು ಗೊತ್ತಿತ್ತು. ಬೈಯಲಿ ಎಂದು ತಲೆ ತಗ್ಗಿಸದೆ ಕಾದೆ. ಅವನು ಬೈಯಲಿಲ್ಲ. “ಆವತ್ತು ಆ ತುಂಡು ಬಾಯಿಗಿಟ್ಟ ತಕ್ಷಣ ನಂಗೆ ಗೊತ್ತಾಯ್ತು ಅತ್ತಿಗೆ. ನನ್ನ ಹೊಂಡದ್ದೇ ರುಚಿ. ನೀವು ಒಪ್ಕೊಳ್ಳಲ್ಲ ಅಂತ ಸುಮ್ಮನಾದೆ. ನಾನು ಬಾಯಿ ಬಿಟ್ಟಿದ್ರೆ ನನ್ನ ಸೊಸೆ ಆ ನೀರು ಕುಡೀತಿರ್ಲಿಲ್ಲ” ಎಂದ. ಅವನು ಅತ್ತದ್ದನ್ನು ನಾನು ಈವರೆಗೆ ನೋಡಿರಲಿಲ್ಲ.

ಆಮೇಲೆ ಚರ್ಚಿನ ಹಿರಿಯ ಎದ್ದು ನಿಂತ. ತಮ್ಮ ಹೊಂಡ ಹೋಗಿ ಮೂರು ವರ್ಷವಾಗಿದೆ ಎಂದ. ಅವನು ಕೂರುವ ಮೊದಲೇ ಇನ್ನೊಬ್ಬ ಎದ್ದ, ಅವನ ಹಿಂದೆ ಒಬ್ಬ ವಿಧವೆ. ಒಂದೊಂದೇ ಕಂಬದ ಬಳಿಯಿಂದ ಒಬ್ಬೊಬ್ಬರು ಎದ್ದರು. ಪ್ರತಿಯೊಬ್ಬರೂ ಬೇಲಿ ಎತ್ತರಿಸಿಕೊಂಡು, ಕೆಟ್ಟದ್ದು ತಮ್ಮದೊಂದೇ ಎಂದುಕೊಂಡಿದ್ದರು. “ನಿಮ್ಮದೊಂದು ಸಿಹಿಯಾಗಿದೆಯಲ್ಲಾ ಅಂತ ಧೈರ್ಯವಾಗಿದ್ವಿ” ಎಂದಳು ಆ ವಿಧವೆ ನನ್ನನ್ನೇ ನೋಡುತ್ತ.

ಬಕೋವಾ ತನ್ನ ಮನೆತನದ ಸೊಪ್ಪುಗಳ ಹೆಸರುಗಳನ್ನು ಎಲ್ಲರೆದುರು ಹೇಳಿಬಿಟ್ಟ. ಇನ್ನು ಮುಚ್ಚಿಟ್ಟು ಏನು ಮಾಡುವುದು ಎಂದ. ನಾಲ್ಕು ಸೊಪ್ಪು. ನಮ್ಮವೂ ಅವೇ ನಾಲ್ಕು. ಎಲ್ಲರವೂ ಅವೇ.

ಪಟ್ಟಿಯಲ್ಲಿ ಬರೆ: ತಬೊನ್‌ರಿಕಿ, ಹೊಂಡಗಳು ಹದಿನಾಲ್ಕು, ಉಳಿದದ್ದು ಸೊನ್ನೆ. ಕೆಳಗೆ ಹದಿನಾಲ್ಕು ಮನೆಯವರ ಹೆಬ್ಬೆಟ್ಟು, ರುಜು ಇವೆ. ರುಕಾನಿಗೆ ಇದನ್ನು ತೋರಿಸು, ನನ್ನ ಹೆಸರು ಮುಚ್ಚಬೇಡ. ಅಕ್ಕಿಯ ಬೆಲೆ ಹಾಕಬೇಡ ಎಂದೂ ಹೇಳು. ಬೇರೆ ಯಾವ ಬೆಲೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಸುಟ್ಟವರು ಯೋಚಿಸಲಿ.

ಇಪ್ಪತ್ತನಾಲ್ಕರ ಉಬ್ಬರಕ್ಕೆ ಮಕ್ಕಳನ್ನೆಲ್ಲ ಚರ್ಚಿನ ಅಟ್ಟಕ್ಕೆ ಹತ್ತಿಸುವುದೆಂದು ತೀರ್ಮಾನವಾಗಿದೆ. ಅಟ್ಟದಲ್ಲಿ ಹದಿನೆಂಟು ಮಕ್ಕಳಿಗೆ ಜಾಗವಿದೆ, ಊರಿನಲ್ಲಿ ಮೂವತ್ತೊಂದು ಇದ್ದಾರೆ.

ಇಪ್ಪತ್ತೆರಡಕ್ಕೆ ನಾನು ವಿಮಾನದ ಬಯಲಿಗೆ ಹೋಗಿ ಬಿಸಿಲಲ್ಲಿ ನಿಂತಿರುತ್ತೇನೆ. ಆ ಬಾಗಿಲಿನಿಂದ ನನ್ನ ಮೊಮ್ಮಗಳು ಇಳಿಯದೇ ಇರಲಿ.